ಕಳ್ಳಿ ಹೂ ಬಿಟ್ಟಾಗ ಫೋಟೋ ತೆಗೆದಿಡಿ

ಎಂಟು ವರ್ಷದ ಹಿಂದಿನ ಮಾತು. ಮಳೆಗಾಲಕ್ಕೆ ಮುಂಚೆ ಗದ್ದೆಬದಿಯ ಬೇಲಿ ಸವರುತ್ತಿದ್ದೆವು. ಅಕ್ಕನ ಮಗ ಕೊಂಬುಗಳ್ಳಿಗೆ ಕತ್ತಿ ಬೀಸಿದ್ದೇ ತಡ, ಹಾಲು ಸಿಡಿದು ಕಣ್ಣಿಗೆ ಬಿತ್ತು. ಮೊದಲು ಬರೀ ಉರಿ. ಅಂಗಿ ತುದಿಯಲ್ಲಿ ಒರೆಸಿಕೊಂಡು ಕೆಲಸ ಮುಂದುವರಿಸಿದ. ಸಂಜೆ ಹೊತ್ತಿಗೆ ಕಣ್ಣು ಬಿಡಲಾರ, ಬೆಳಕು ಕಂಡರೆ ನೀರು ಸುರಿಯುತ್ತದೆ. ಆಸ್ಪತ್ರೆಗೆ ಓಡಿದೆವು. "ಯಾವ ಗಿಡದ ಹಾಲು?" ಕೇಳಿದರು ಡಾಕ್ಟರು. "ಕಳ್ಳಿ" ಅಂದೆ. "ಕಳ್ಳಿ ಅಂದ್ರೆ ಯಾವ ಕಳ್ಳಿ?"

ಹುಟ್ಟಿದಾಗಿಂದ ನೋಡಿದ ಬೇಲಿ. ನನಗೆ ಉತ್ತರ ಬರಲಿಲ್ಲ. ಚಿಕಿತ್ಸೆಯಾಗಿ ಹುಡುಗನ ಕಣ್ಣು ಸರಿಯಾಯಿತು. ಪ್ರಶ್ನೆ ಮಾತ್ರ ನನ್ನಲ್ಲೇ ಉಳಿಯಿತು.

ಪಾರ್ಶ್ವವಾಯುವಿಗೆ ನಾಟಿಮದ್ದು ಹುಡುಕಿಕೊಂಡು ದೂರದಿಂದ ಜನ ಬರುವ ಊರು ನಮ್ಮ ಬೆಳಂಬಾರ. ಹಾಲಕ್ಕಿ ಮನೆಗಳವರ ಕೈಗುಣ ಅದು. ಆ ಮದ್ದಿನ ಗುಟ್ಟು ಅವರದ್ದು, ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಆದರೆ ಗಿಡ ಗುರುತಿಸುವ ಬಗ್ಗೆ ನೆರೆಯ ಹಾಲಕ್ಕಿ ಅಜ್ಜಿಯೊಬ್ಬರು ಹೇಳಿದ ಮಾತು ನನಗೆ ದಾರಿಯಾಯಿತು: "ಎಲೆ ನೋಡ್ರೆ ಮೋಸ ಆಗ್ತದೆ ತಮಾ. ಹೂ ಬಿಡೂವರೆಗೆ ಕಾಯಬೇಕು." ಕಾದೆ. ಹೂ ಬಿಟ್ಟಾಗಲೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದೆ.

ಮರುಭೂಮಿಯ ಗಿಡಗಳಿಗೆ ಮೂರು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ ಏನು ಕೆಲಸ ಎಂದು ಕೇಳಬಹುದು. ಮಳೆ ಬರುವುದು ನಾಲ್ಕು ತಿಂಗಳು. ಉಳಿದ ಎಂಟು ತಿಂಗಳು ಮರಳಿನಲ್ಲೂ ಚಿರೆಕಲ್ಲಿನ ಗುಡ್ಡೆಯಲ್ಲೂ ನೀರು ನಿಲ್ಲುವುದಿಲ್ಲ. ಅಲ್ಲಿ ಮೈಯಲ್ಲೇ ನೀರು ತುಂಬಿಟ್ಟುಕೊಳ್ಳುವ ಗಿಡ ಬದುಕುತ್ತದೆ, ಬೇರೆಯವು ಒಣಗುತ್ತವೆ.

ಮೊದಲು ತಿಳಿದದ್ದು, ನಾವು ಕಳ್ಳಿ ಎನ್ನುವುದು ಒಂದೇ ಕುಲವಲ್ಲ. ಮುರಿದರೆ ಬಿಳಿ ಹಾಲು ಸುರಿಸುವವು ಯುಫೋರ್ಬಿಯಾ ಜಾತಿಯವು. ಪೆನ್ಸಿಲಿನಂಥ ಹಸಿರು ಕಡ್ಡಿಗಳ, ಮುಳ್ಳಿಲ್ಲದ ಕೊಂಬುಗಳ್ಳಿ. ಏಣು ಏಣಾದ ಕಾಂಡದ ತುದಿಯಲ್ಲಿ ದಪ್ಪ ಎಲೆ ಬಿಡುವ ಎಲೆಗಳ್ಳಿ. ಕಾಂಡಕ್ಕೆ ರೆಕ್ಕೆಯಂತೆ ಏಣುಗಳಿದ್ದು ಅಂಚಿನಲ್ಲಿ ಜೋಡಿಮುಳ್ಳಿರುವ ಜಡೆಗಳ್ಳಿ. ಚಪ್ಪಟೆ ಹಲಗೆಯಂಥ ಪಾಪಾಸುಕಳ್ಳಿಗೆ ಹಾಲಿಲ್ಲ. ಅದು ನಿಜವಾದ ಕ್ಯಾಕ್ಟಸ್, ಅಮೆರಿಕದಿಂದ ಬಂದದ್ದು. ಕೊಂಬುಗಳ್ಳಿಗೆ ಲಿನೇಯಸ್ ಕೊಟ್ಟ ಹೆಸರು ಯುಫೋರ್ಬಿಯಾ ತಿರುಕಳ್ಳಿ. ಮಲಬಾರಿನವರು ಕರೆಯುತ್ತಿದ್ದ ಹೆಸರನ್ನೇ 1753ರಲ್ಲಿ ಆತ ಎತ್ತಿಕೊಂಡ. ನಮ್ಮ ಬೇಲಿಗಿಡಕ್ಕೆ ಲ್ಯಾಟಿನ್ನಿನಲ್ಲೂ ನಮ್ಮ ಕಡೆಯದೇ ಹೆಸರು ಎಂದು ತಿಳಿದಾಗ ನನಗೆ ಖುಷಿಯಾಯಿತು.

ಹೂವಿನಲ್ಲಿ ವ್ಯತ್ಯಾಸ ಸ್ಪಷ್ಟ. ಪಾಪಾಸುಕಳ್ಳಿಯದು ಅಂಗೈ ತುಂಬುವ ಹಳದಿ ಹೂ, ದಳಗಳು ಹಲವು. ಹುಬ್ಬಳ್ಳಿ ಕಡೆ ಹೋದಾಗ ರಸ್ತೆ ಬದಿಯಲ್ಲಿ ಕಂಡು ಬೈಕು ನಿಲ್ಲಿಸಿ ತೆಗೆದೆ. ಮೊದಲ ನಾಲ್ಕು ಫೋಟೋ ಬರೀ ಹಳದಿ ಮುದ್ದೆ. ಮಧ್ಯಾಹ್ನದ ಬಿಸಿಲಿಗೆ ದಳದ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಪರದೆಯ ಮೇಲೆ ಹೂವನ್ನೇ ಒತ್ತಿ ಬೆಳಕು ತಗ್ಗಿಸಿ, ಕೊಡೆಯ ನೆರಳು ಹಿಡಿದ ಮೇಲೆ ಸರಿ ಬಂತು. ಹತ್ತಿರ ಹೋಗುವಾಗ ಹುಷಾರು. ದೊಡ್ಡ ಮುಳ್ಳಿಗಿಂತ ಅದರ ಬುಡದ ಸಣ್ಣ ರೋಮದಂಥ ಮುಳ್ಳು ಕೆಟ್ಟದ್ದು, ಬೆರಳಿನಿಂದ ತೆಗೆಯಲು ನನಗೆ ಎರಡು ದಿನ ಬೇಕಾಯಿತು. ಈ ಗಿಡದ ಹಿಂಡುಗಳು ಒಂದು ಕಾಲದಲ್ಲಿ ನೆಲ ನುಂಗುತ್ತಿದ್ದವು. 1926ರಲ್ಲಿ ಶ್ರೀಲಂಕಾದಿಂದ ತಂದು ಬಿಟ್ಟ ಕೊಚಿನೀಲ್ ಹಿಟ್ಟುತಿಗಣೆ ಅವನ್ನು ತಿಂದು ಹತೋಟಿಗೆ ತಂತು.

ಎಲೆಗಳ್ಳಿಯದು ಬೇರೆ ಕತೆ. ಎಲೆ ಉದುರಿ ಬೋಳಾದ ಮೇಲೆ ಬೇಸಿಗೆ ಮೊದಲಲ್ಲಿ ಹೂ ಬಿಡುತ್ತದೆ. ಕಡಲೆಕಾಳಿನಷ್ಟು ದೊಡ್ಡದು, ಅಷ್ಟೇ. ನಾವು ಹೂ ಎನ್ನುವುದು ನಿಜಕ್ಕೆ ಒಂದು ಬಟ್ಟಲು. ಅದರೊಳಗೆ ಒಂದೊಂದೇ ಕೇಸರದ ಗಂಡುಹೂಗಳು, ನಡುವೆ ಒಂದು ಹೆಣ್ಣುಹೂ. ಇದನ್ನು ಹಿಡಿಯಲು ವಾಚು ರಿಪೇರಿಯವರ ಭೂತಗನ್ನಡಿಯನ್ನು ಮೊಬೈಲಿನ ಕಣ್ಣಿಗೆ ಅಂಟಿಸಿದೆ. ಹಿಂದೆ ಕಪ್ಪು ಕೊಡೆ ಬಿಚ್ಚಿಟ್ಟೆ. ನಮ್ಮಲ್ಲಿ ಬಿಸಿಲೇರಿದಂತೆ ಕಡಲಗಾಳಿ ಏಳುತ್ತದೆ, ಕೊಂಬೆ ಅಲುಗಿ ಫೋಟೋ ಕಲಸಿಹೋಗುತ್ತದೆ. ಬೆಳಿಗ್ಗೆ ಎಂಟರೊಳಗೆ ಮುಗಿಸಬೇಕು. ಉಪ್ಪುಗಾಳಿಗೆ ಗಾಜು ಮಸುಕಾಗುತ್ತದೆ, ಮೆತ್ತನೆ ಬಟ್ಟೆ ಜೇಬಿನಲ್ಲಿರಲಿ.

ಒಂದು ಹೂವಿನ ಫೋಟೋ ಸಾಲದು. ಇಡೀ ಗಿಡ, ಕಾಂಡ ಮತ್ತು ಮುಳ್ಳು, ಹೂ ಎದುರಿನಿಂದ, ಹೂ ಬದಿಯಿಂದ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಅಳತೆ ಗೊತ್ತಾಗುತ್ತದೆ.

ಇಷ್ಟೆಲ್ಲ ಯಾಕೆಂದರೆ, ಮದ್ದೂ ವಿಷವೂ ಇರುವುದು ಒಂದೇ ಹಾಲಿನಲ್ಲಿ. ಎಲೆಗಳ್ಳಿ ಆಯುರ್ವೇದದ ಸ್ನುಹಿ. ಭಗಂದರಕ್ಕೆ ಕಟ್ಟುವ ಕ್ಷಾರಸೂತ್ರ ಇದರ ಹಾಲಿನಲ್ಲೇ ಆಗುವುದು. ದಾರಕ್ಕೆ 11 ಸಲ ಬರೀ ಹಾಲು ಹಚ್ಚಿ ಒಣಗಿಸುತ್ತಾರೆ. ಆಮೇಲೆ ಹಾಲಿನ ಜೊತೆ ಉತ್ತರಣೆಯ ಕ್ಷಾರ 7 ಸಲ, ಹಾಲು ಮತ್ತು ಅರಿಸಿನ 3 ಸಲ. ಒಟ್ಟು 21. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಡಾ. ಪಿ.ಜೆ. ದೇಶಪಾಂಡೆಯವರು 1960ರ ದಶಕದಲ್ಲಿ ಇದನ್ನು ಮತ್ತೆ ಬಳಕೆಗೆ ತಂದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 1991ರ ವರದಿಯ ಪ್ರಕಾರ, ಶಸ್ತ್ರಕ್ರಿಯೆಗಿಂತ ಗುಣವಾಗಲು ಹೆಚ್ಚು ದಿನ ಬೇಕು, ಮರುಕಳಿಸುವುದು ಕಡಿಮೆ. ಅದು ಕಲಿತ ವೈದ್ಯರ ಕೈಯ ಕೆಲಸ. ಮನೆಯಲ್ಲಿ ಹಲ್ಲುನೋವಿಗೆ, ಹೊಟ್ಟೆ ಕಟ್ಟಿದ್ದಕ್ಕೆ ಅಂತ ಕಳ್ಳಿಹಾಲು ಮುಟ್ಟಬೇಡಿ. ಬಾಯಿ ಬೇಯುತ್ತದೆ.

ಲೋಳೆಸರ ಸಾಧು ಗಿಡ ಎಂದು ಎಲ್ಲರ ನಂಬಿಕೆ. ಎಲೆ ಕೊಯ್ದರೆ ಸಿಪ್ಪೆಯಡಿಯಿಂದ ಇಳಿಯುವ ಹಳದಿ ರಸ ಜೋರು ಭೇದಿಮದ್ದು, ಗರ್ಭಿಣಿಯರಿಗೆ ಸಲ್ಲದು. ಎಲೆ ಓರೆ ನಿಲ್ಲಿಸಿ ಆ ರಸ ಬಸಿದುಹೋದ ಮೇಲೆ ಒಳಗಿನ ಲೋಳೆ ತೆಗೆಯಬೇಕು. ಸಣ್ಣ ಸುಟ್ಟಗಾಯಕ್ಕೆ ನಾವು ಹಚ್ಚುವುದು ಅದನ್ನು. ಎಳೆ ಕತ್ತಾಳೆಯನ್ನು ಲೋಳೆಸರ ಎಂದು ತಿಕ್ಕಿಕೊಂಡು ಮೈಯೆಲ್ಲ ತುರಿಸಿಕೊಂಡವರನ್ನು ಕಂಡಿದ್ದೇನೆ. ಲೋಳೆಸರ ಬಲಿತ ಮೇಲೆ ಮತ್ತೆ ಮತ್ತೆ ಹೂಕೋಲು ಎತ್ತುತ್ತದೆ. ಕತ್ತಾಳೆಯದು ಜೀವಮಾನಕ್ಕೆ ಒಂದೇ ಸಲ, ಆಮೇಲೆ ಗಿಡ ಸಾಯುತ್ತದೆ.

ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಸಂಜೆಗೆ ಸಪ್ಪೆ. ರಾತ್ರಿ ಗಾಳಿ ಹೀರಿ ಹುಳಿಯಾಗಿ ಕೂಡಿಟ್ಟು, ಹಗಲು ಅದನ್ನು ಖರ್ಚು ಮಾಡುತ್ತದೆ. ಇದನ್ನು ಬರೆದಿಟ್ಟವನು ಹಿಂದೆ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೇಯ್ನ್, 1813ರಲ್ಲಿ. ಮೂತ್ರಕಲ್ಲಿಗೆ ಎಲೆ ತಿನ್ನುವ ವಾಡಿಕೆ ನಮ್ಮಲ್ಲಿದೆ. ಆದರೆ ಅದರಲ್ಲಿ ಹೃದಯಕ್ಕೆ ತಾಗುವ ವಿಷಾಂಶವಿದೆ, ಹೂವಿನಲ್ಲಿ ಹೆಚ್ಚು. ಆಸ್ಟ್ರೇಲಿಯಾದಲ್ಲಿ ಮೇದ ದನಗಳು ಸತ್ತಿವೆ. ತೂಗುಗಂಟೆಯಂಥ ಹೂ ಚಂದವೇ, ಫೋಟೋಕ್ಕೆ ಬಹಳ ಒಪ್ಪುತ್ತದೆ. ಸವರಿದ ಸೊಪ್ಪನ್ನು ಮಾತ್ರ ಕೊಟ್ಟಿಗೆ ಕಡೆ ಎಸೆಯಬೇಡಿ.

ಇನ್ನು ಕಣ್ಣಿನ ವಿಷಯ. ಹಾಲು ಸಿಡಿದರೆ ಉಜ್ಜಬೇಡಿ, ಎದೆಹಾಲು, ಎಣ್ಣೆ ಬಿಡಬೇಡಿ. ಕೂಡಲೇ ಶುದ್ಧ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೊಳೆಯುತ್ತಲೇ ಇರಿ. ಉರಿ ಕಡಿಮೆಯಾಯಿತೆಂದು ಸುಮ್ಮನಾಗಬೇಡಿ, ನೋವು ಏರುವುದು ಕೆಲವು ತಾಸಿನ ಮೇಲೆ. ಅದೇ ದಿನ ಕಣ್ಣಿನ ಡಾಕ್ಟರಲ್ಲಿ ಹೋಗಿ, ಗಿಡದ ಫೋಟೋ ತೋರಿಸಿ.

ನನ್ನ ಸಂಗ್ರಹದಲ್ಲಿ ಈಗಲೂ ಇಲ್ಲದಿರುವುದು ಕೊಂಬುಗಳ್ಳಿಯ ಹೂ. ಎಲ್ಲ ಶುರುವಾದದ್ದು ಅದರಿಂದಲೇ, ನಮ್ಮ ಬೇಲಿಯಲ್ಲಿ ಎಂಟು ವರ್ಷದಿಂದ ಅದು ಹೂ ಬಿಟ್ಟದ್ದು ಕಂಡಿಲ್ಲ. ನಿಮ್ಮಲ್ಲಿ ಬಿಟ್ಟಿದ್ದರೆ, ಯಾವ ತಿಂಗಳು ಎಂದು ಪತ್ರಿಕೆಗೆ ಬರೆದು ತಿಳಿಸಿ.