ಸೇಡಿಗೆ ಬಿದ್ದ ಗೆಳೆಯ ನಿಮ್ಮ ಖಾತೆಗೆ ಕೈ ಹಾಕಿದರೆ

ನೀವು ಕೇಳದ ಒಟಿಪಿಗಳು ಮೊಬೈಲಿಗೆ ಒಂದರ ಹಿಂದೊಂದು ಬರುತ್ತಿವೆ. ಪಾಸ್‌ವರ್ಡ್ ಬದಲಿಸಲು ಯಾರೋ ಯತ್ನಿಸಿದ್ದಾರೆಂದು ಜಿಮೇಲ್ ಎಚ್ಚರಿಸುತ್ತಿದೆ. ಹೊಸ ಫೋನಿನಲ್ಲಿ ನಿಮ್ಮ ನಂಬರ್ ನೋಂದಾಯಿಸಲು ವಾಟ್ಸ್‌ಆ್ಯಪ್ ಆರಂಕಿಯ ಕೋಡ್ ಕಳಿಸಿದೆ. ಎಲ್ಲಿಯೋ ಕೂತ ವಂಚಕನ ಕೆಲಸ ಎಂದುಕೊಳ್ಳೋಣವೆಂದರೆ ಮನಸ್ಸು ಒಪ್ಪುವುದಿಲ್ಲ. ಮೊನ್ನೆಯಷ್ಟೇ ಜಗಳವಾಡಿ, ‘ನಿನ್ನ ಬಂಡವಾಳ ಬಯಲು ಮಾಡ್ತೀನಿ, ನೋಡ್ತಿರು’ ಎಂದು ಹೋದ ಗೆಳೆಯನ ಮುಖವೇ ಕಣ್ಣ ಮುಂದೆ ಬರುತ್ತದೆ.

ಇಂಥ ಸಂದರ್ಭದಲ್ಲಿ ಹೆಚ್ಚಿನವರು ಠಾಣೆಗೆ ಹೋಗುವುದಿಲ್ಲ. ‘ಪಾಸ್‌ವರ್ಡ್ ಕೊಟ್ಟಿದ್ದು ನಾನೇ ಅಲ್ಲವೇ, ಈಗ ಯಾವ ಮುಖ ಇಟ್ಟುಕೊಂಡು ದೂರು ಕೊಡಲಿ’ ಎಂಬ ಅಳುಕು ಅವರನ್ನು ಕಟ್ಟಿಹಾಕುತ್ತದೆ. ಈ ಅಳುಕಿಗೆ ಕಾನೂನಿನಲ್ಲಿ ಆಧಾರವಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 43 ನೋಡುವುದು ಒಂದನ್ನೇ: ಕಂಪ್ಯೂಟರ್ ಅಥವಾ ಅದರ ವ್ಯವಸ್ಥೆಯೊಳಗೆ ಹೋದವನಿಗೆ ಮಾಲೀಕನ ಇಲ್ಲವೇ ಅದರ ಹೊಣೆ ಹೊತ್ತವನ ಅನುಮತಿ ಇತ್ತೇ? ಹಾಸ್ಟೆಲಿನಲ್ಲಿ ಜೊತೆಗಿದ್ದಾಗ ರೈಲ್ವೆ ಟಿಕೆಟ್ ಬುಕ್ ಮಾಡಲೆಂದು ಕೊಟ್ಟ ಪಾಸ್‌ವರ್ಡ್ ಆ ಟಿಕೆಟ್‌ಗೆ ಕೊಟ್ಟ ಅನುಮತಿ. ಎರಡು ವರ್ಷದ ನಂತರ ನಿಮ್ಮ ಮೇಲ್ ತೆರೆದು ಓದುವುದಕ್ಕೆ ಅದು ಪರವಾನಗಿಯಾಗುವುದಿಲ್ಲ.

ಆದರೂ ‘ಅವಳೇ ಕೊಟ್ಟಿದ್ದಳು, ಬೇಡ ಎಂದಿರಲಿಲ್ಲ’ ಎಂಬ ವಾದ ಮುಂದೆ ಬಂದೇ ಬರುತ್ತದೆ. ಅದನ್ನು ಈಗಲೇ ಮುಚ್ಚಿಬಿಡಿ. ಆ ವ್ಯಕ್ತಿಗೆ ಒಂದೇ ಒಂದು ಸಂದೇಶ ಕಳಿಸಿ: ‘ನನ್ನ ಯಾವುದೇ ಖಾತೆ, ಫೋನ್ ಅಥವಾ ಲ್ಯಾಪ್‌ಟಾಪ್ ಬಳಸಲು ಇಂದಿನಿಂದ ನಿಮಗೆ ನನ್ನ ಅನುಮತಿ ಇಲ್ಲ. ಹಿಂದೆ ಕೊಟ್ಟಿದ್ದನ್ನೂ ಹಿಂದಕ್ಕೆ ಪಡೆದಿದ್ದೇನೆ.’ ಬೈಗುಳ ಬೇಡ, ಬೆದರಿಕೆ ಬೇಡ. ದಿನಾಂಕವಿರುವ ಈ ಎರಡು ಸಾಲು ಮುಂದೆ ನ್ಯಾಯಾಲಯದಲ್ಲಿ ನಿಮ್ಮ ಪರವಾಗಿ ನಿಲ್ಲುತ್ತವೆ.

ಗೆಳೆಯನ ಅಪಾಯವೇ ಬೇರೆ. ಅವನಿಗೆ ಹ್ಯಾಕಿಂಗ್ ವಿದ್ಯೆ ಬರಬೇಕಿಲ್ಲ. ನಿಮ್ಮ ತಾಯಿಯ ತವರಿನ ಹೆಸರು, ಓದಿದ ಮೊದಲ ಶಾಲೆ, ನಾಯಿಮರಿಯ ಹೆಸರು, ಹುಟ್ಟಿದ ದಿನ ಎಲ್ಲವೂ ಗೊತ್ತು. ಫೋನಿನ ಲಾಕ್ ಪ್ಯಾಟರ್ನ್ ನೋಡಿ ನೋಡಿ ಬಾಯಿಪಾಠವಾಗಿರುತ್ತದೆ. ಎಷ್ಟೋ ಬಾರಿ ನಿಮ್ಮ ಖಾತೆಯ ರಿಕವರಿ ನಂಬರ್ ಅವನದೇ ಆಗಿರುತ್ತದೆ; ಹಳೆಯ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ವಾಟ್ಸ್‌ಆ್ಯಪ್ ಇನ್ನೂ ತೆರೆದೇ ಇರುತ್ತದೆ. ಆದ್ದರಿಂದ ಪಾಸ್‌ವರ್ಡ್ ಒಂದನ್ನೇ ಬದಲಿಸಿದರೆ ಸಾಲದು. ರಿಕವರಿ ನಂಬರ್, ರಿಕವರಿ ಮೇಲ್, ಭದ್ರತಾ ಪ್ರಶ್ನೆಗಳ ಉತ್ತರ, ಫೋನಿನ ಪಿನ್ ಎಲ್ಲವೂ ಬದಲಾಗಬೇಕು. ವಾಟ್ಸ್‌ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ನಲ್ಲಿ ನಿಮ್ಮದಲ್ಲದ್ದನ್ನು ಲಾಗೌಟ್ ಮಾಡಿ, ಎರಡು ಹಂತದ ಪರಿಶೀಲನೆಯ ಪಿನ್ ಹಾಕಿ. ಎಲ್ಲಕ್ಕಿಂತ ಮೊದಲು ಮೇಲ್ ಖಾತೆಯನ್ನು ಭದ್ರ ಮಾಡಿ, ಏಕೆಂದರೆ ಉಳಿದ ಖಾತೆಗಳ ಪಾಸ್‌ವರ್ಡ್ ಬದಲಾವಣೆಯ ಕೊಂಡಿ ಬರುವುದು ಅಲ್ಲಿಗೇ. ಭದ್ರತಾ ಪ್ರಶ್ನೆಗೆ ನಿಜವಾದ ಉತ್ತರವನ್ನೇ ಕೊಡಬೇಕೆಂಬ ನಿಯಮವೇನೂ ಇಲ್ಲ.

ಇದನ್ನೆಲ್ಲ ಮಾಡುವ ಮುನ್ನ ಐದು ನಿಮಿಷ ತಾಳಿ. ಗಾಬರಿಯಲ್ಲಿ ಜನ ಮೊದಲು ಅಳಿಸುವುದೇ ಸಾಕ್ಷ್ಯವನ್ನು. ಗೂಗಲ್ ಖಾತೆಯ ಭದ್ರತಾ ಪುಟದಲ್ಲಿ ಯಾವ ಸಾಧನದಿಂದ, ಎಲ್ಲಿಂದ, ಯಾವಾಗ ಲಾಗಿನ್ ಆಗಿದೆ ಎಂಬ ಪಟ್ಟಿ ಇರುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಲ್ಲೂ ಇದೆ. ಲಾಗೌಟ್ ಒತ್ತುವ ಮೊದಲು ಆ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ. ದಿನಾಂಕ, ಸಮಯ ಕಾಣುವಂತಿರಲಿ. ಎಚ್ಚರಿಕೆಯ ಮೇಲ್‌ಗಳನ್ನು ಅಳಿಸಬೇಡಿ. ಒಟಿಪಿ ಬಂದ ಎಸ್‌ಎಂಎಸ್‌ಗಳೂ ಇರಲಿ. ಬೆದರಿಕೆಯ ಚಾಟ್ ಇದ್ದರೆ ಅವನನ್ನು ಬ್ಲಾಕ್ ಮಾಡುವ ಮೊದಲೇ ಪೂರ್ತಿ ಉಳಿಸಿಕೊಳ್ಳಿ. ಯಾವ ದಿನ, ಎಷ್ಟು ಗಂಟೆಗೆ, ಏನಾಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋಗಿ. ಅವನು ಖಾತೆಯೊಳಗೇ ಇದ್ದು, ಈ ಗಳಿಗೆಯಲ್ಲೇ ಸಂದೇಶ ಕಳಿಸುತ್ತಿದ್ದಾನೆ ಅಥವಾ ಹಣ ತೆಗೆಯುತ್ತಿದ್ದಾನೆ ಎಂದಾದರೆ ಮಾತ್ರ ಮೊದಲು ಬಾಗಿಲು ಹಾಕಿ. ಹಣ ಹೋಗಿದ್ದರೆ ಬ್ಯಾಂಕಿಗೆ ಮತ್ತು 1930ಕ್ಕೆ ತಕ್ಷಣ ಕರೆ ಮಾಡಿ. ಈ ಸಹಾಯವಾಣಿ ಇರುವುದು ಮುಖ್ಯವಾಗಿ ಆನ್‌ಲೈನ್ ಹಣ ವಂಚನೆಗೆ. ಹಣ ಮುಂದಿನ ಖಾತೆಗೆ ಹಾರುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಬೇಗ ಕರೆ ಮಾಡಿದವರಿಗೆ.

ಈಗ ಶಿಕ್ಷೆಯ ವಿಚಾರ. ಕಲಂ 43ರಲ್ಲಿ ಹೇಳಿದ ಕೃತ್ಯವನ್ನೇ ಅಪ್ರಾಮಾಣಿಕವಾಗಿ ಅಥವಾ ಮೋಸದ ಉದ್ದೇಶದಿಂದ ಮಾಡಿದರೆ ಕಲಂ 66ರ ಅಪರಾಧ: ಮೂರು ವರ್ಷದವರೆಗೆ ಸೆರೆವಾಸ, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇನ್ನೊಬ್ಬರ ಪಾಸ್‌ವರ್ಡನ್ನು ಅದೇ ಉದ್ದೇಶದಿಂದ ಬಳಸುವುದು 66ಸಿ, ನಿಮ್ಮ ಹೆಸರಿನಲ್ಲಿ ನಟಿಸಿ ಇತರರನ್ನು ವಂಚಿಸುವುದು 66ಡಿ. ಎರಡಕ್ಕೂ ಮೂರು ವರ್ಷದವರೆಗೆ ಸೆರೆವಾಸ, 1 ಲಕ್ಷದವರೆಗೆ ದಂಡ. ‘ಬರೀ ನೋಡಿದೆ, ಏನೂ ಹಾಳು ಮಾಡಲಿಲ್ಲ’ ಎಂದು ಎದುರಾಳಿ ಹೇಳಬಹುದು. ಅದಕ್ಕೇ ನಿಮ್ಮ ದೂರಿನಲ್ಲಿ ನಷ್ಟ ಏನೆಂಬುದು ಸ್ಪಷ್ಟವಾಗಿರಬೇಕು: ಅಳಿಸಿಹೋದ ಫೋಟೋ, ಕೈತಪ್ಪಿದ ಕೆಲಸ, ಸಂಬಂಧಿಕರಿಗೆ ಹೋದ ಕೆಟ್ಟ ಸಂದೇಶ.

ಒಳಗೆ ಹೋಗಲು ಆಗಲೇ ಇಲ್ಲ, ಬಾಗಿಲು ತಟ್ಟಿ ತಟ್ಟಿ ಸೋತ ಎನ್ನಿ. ಆಗಲೂ ಕಾನೂನು ಸುಮ್ಮನಿರುವುದಿಲ್ಲ. ಈ ಕಾಯ್ದೆಯ ಅಪರಾಧ ಎಸಗಲು ಯತ್ನಿಸುವುದೂ ಕಲಂ 84ಸಿ ಪ್ರಕಾರ ಅಪರಾಧ. ಮೂಲ ಅಪರಾಧದ ಗರಿಷ್ಠ ಸೆರೆವಾಸದ ಅರ್ಧದವರೆಗೆ ಶಿಕ್ಷೆ ಆಗಬಹುದು. ಇಲ್ಲೊಂದು ತೊಡಕು ಇದೆ. ಮೂರು ವರ್ಷ ಮತ್ತು ಮೇಲ್ಪಟ್ಟ ಸೆರೆವಾಸದ ಅಪರಾಧಗಳು ಮಾತ್ರ ಈ ಕಾಯ್ದೆಯಡಿ ಸಂಜ್ಞೇಯ, ಅಂದರೆ ಪೊಲೀಸರು ತಾವಾಗಿಯೇ ತನಿಖೆ ಶುರು ಮಾಡಬಹುದಾದವು. ಯತ್ನದ ಶಿಕ್ಷೆ ಒಂದೂವರೆ ವರ್ಷಕ್ಕೆ ನಿಲ್ಲುವುದರಿಂದ, ಠಾಣೆಯಲ್ಲಿ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ದಾಖಲಿಸಿ, ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು ಎನ್ನಬಹುದು. ಅದು ನಿಮ್ಮನ್ನು ಸಾಗಹಾಕುವ ಮಾತಲ್ಲ, ಕಾನೂನಿನ ದಾರಿಯೇ ಹಾಗಿದೆ. ಯತ್ನದ ಜೊತೆಗೆ ಬೆದರಿಕೆ, ಹಣದ ಬೇಡಿಕೆ, ಹಿಂಬಾಲಿಸುವಿಕೆ ಇದ್ದರೆ ಅವನ್ನೂ ದೂರಿನಲ್ಲಿ ಬರೆಯಿರಿ. ಹಣ ಕೊಡದಿದ್ದರೆ ಚಾಟ್ ಬಯಲು ಮಾಡುತ್ತೇನೆ ಎಂದು ಹೆದರಿಸಿ ಹಣ ಕಿತ್ತರೆ ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 308ರ ಸುಲಿಗೆ. ಏಳು ವರ್ಷದವರೆಗೆ ಶಿಕ್ಷೆ ಇದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಕಾನೂನಿಗೆ ಇನ್ನಷ್ಟು ಬಿಗಿಯಿದೆ. ಮಹಿಳೆಯ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಪುರುಷನೊಬ್ಬ ಕಣ್ಣಿಟ್ಟರೆ ಅದು ನ್ಯಾಯ ಸಂಹಿತೆಯ ಕಲಂ 78ರ ಅಪರಾಧ. ಮೊದಲ ಬಾರಿಗೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಸೆರೆವಾಸ. ಖಾತೆಯಿಂದ ಕದ್ದ ಖಾಸಗಿ ಚಿತ್ರಗಳನ್ನು ಹರಿಬಿಟ್ಟರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ, 67, 67ಎ ಕಲಮುಗಳು ಸಂದರ್ಭಕ್ಕೆ ತಕ್ಕಂತೆ ಅನ್ವಯಿಸುತ್ತವೆ. ಚಿತ್ರ ನೀವೇ ತೆಗೆದುಕೊಂಡದ್ದು, ನೀವೇ ಅವನಿಗೆ ಕಳಿಸಿದ್ದು ಎಂಬ ಕಾರಣಕ್ಕೆ ನಾಚಿ ಹಿಂಜರಿಯಬೇಡಿ. ಅವನೊಬ್ಬನಿಗೆ ತೋರಿಸಲು ಒಪ್ಪಿದ್ದು ಊರಿಗೆಲ್ಲ ತೋರಿಸಲು ಒಪ್ಪಿದಂತಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ದೂರು ಎಲ್ಲಿ ಕೊಡಬೇಕು? ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗಾಗಿಯೇ ಸಿಇಎನ್ ಠಾಣೆಗಳಿವೆ. ಅಲ್ಲಿಗೇ ಹೋಗಬೇಕೆಂದಿಲ್ಲ, ಊರಿನ ಠಾಣೆಯಲ್ಲೂ ಕೊಡಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧಗಳ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ ಎಂದು ಆ ಕಾಯ್ದೆಯ ಕಲಂ 78 ಹೇಳುತ್ತದೆ. ಹಾಗಾಗಿ ಪಿಎಸ್‌ಐ ಇರುವ ಸಣ್ಣ ಠಾಣೆಯಲ್ಲಿ ‘ಇದು ನಮಗೆ ಬರಲ್ಲ’ ಎಂಬ ಉತ್ತರ ಸಿಕ್ಕರೆ ಅರ್ಧ ನಿಜ. ತನಿಖೆ ಬೇರೆಯವರು ಮಾಡಬೇಕು, ದೂರನ್ನು ಮಾತ್ರ ಅವರೇ ತೆಗೆದುಕೊಳ್ಳಬೇಕು. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173 ಪ್ರಕಾರ ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಮಾಹಿತಿ ಕೊಡಬಹುದು. ಇಮೇಲ್ ಮೂಲಕವೂ ಕೊಡಬಹುದು, ಮೂರು ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶವಿದೆ. ‘ವಿಚಾರಣೆ ಮಾಡ್ತಿದ್ದೇವೆ’ ಎಂಬ ಮಾತು ಅದಕ್ಕಿಂತ ಉದ್ದ ಎಳೆದರೆ ಲಿಖಿತವಾಗಿ ಹಿಂಬರಹ ಕೇಳಿ. ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು.

ಕೇಂದ್ರ ಗೃಹ ಸಚಿವಾಲಯದ ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲಿ ದಾಖಲಿಸುವುದೂ ಒಳ್ಳೆಯದೇ. ಆದರೆ ಅಲ್ಲಿ ಸಿಗುವ ಸಂಖ್ಯೆ ಎಫ್‌ಐಆರ್ ಸಂಖ್ಯೆಯಲ್ಲ. ಅದನ್ನೇ ನಂಬಿ ಕೂತು ತಿಂಗಳು ಕಳೆಯಬೇಡಿ.

ತಡ ಮಾಡಬಾರದು ಎನ್ನುವುದಕ್ಕೆ ಗಟ್ಟಿ ಕಾರಣವಿದೆ. ಲಾಗಿನ್ ಪಟ್ಟಿಯಲ್ಲಿ ನಿಮಗೆ ಸಾಮಾನ್ಯವಾಗಿ ಕಾಣುವುದು ಸಾಧನ, ಊರು, ಸಮಯ ಮಾತ್ರ. ಅದರ ಹಿಂದಿನ ಐಪಿ ವಿಳಾಸ ಯಾರ ಸಂಪರ್ಕದ್ದು ಎಂಬುದನ್ನು ಕಂಪನಿಗಳಿಂದ ತರಿಸಿಕೊಳ್ಳುವ ಅಧಿಕಾರ ಪೊಲೀಸರಿಗಿದೆ, ನಿಮಗಿಲ್ಲ. ಸೇವಾ ಕಂಪನಿಗಳು ತಮ್ಮ ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಇಟ್ಟಿರಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಕೊಟ್ಟಿದೆ. ಆ ಅವಧಿ ಮುಗಿದ ಮೇಲೆ ಸುಳಿವು ಉಳಿದೀತು ಎಂಬ ಭರವಸೆ ಇಟ್ಟುಕೊಳ್ಳಬಾರದು.

ದೂರಿನಲ್ಲಿ ಗೆಳೆಯನ ಹೆಸರು ಬರೆಯಬಹುದೇ? ಬರೆಯಬಹುದು, ಅನುಮಾನವೆಂದೇ ಬರೆಯಿರಿ. ‘ಇಂಥವರೇ ಮಾಡಿದ್ದಾರೆ’ ಎನ್ನುವ ಬದಲು ‘ಇಂಥ ದಿನ ಹೀಗೆ ಬೆದರಿಸಿದ್ದರು, ನನ್ನ ರಿಕವರಿ ನಂಬರ್ ಅವರದಾಗಿತ್ತು, ಆದ್ದರಿಂದ ಅವರ ಮೇಲೆ ಅನುಮಾನವಿದೆ’ ಎನ್ನಿ. ಸುಳ್ಳೆಂದು ಗೊತ್ತಿದ್ದೂ ದೂರು ಕೊಡುವುದು ಅಪರಾಧ. ಪ್ರಾಮಾಣಿಕ ಅನುಮಾನ ಅಪರಾಧವಲ್ಲ. ಫೇಸ್‌ಬುಕ್ಕಿನಲ್ಲೋ ಕಾಲೇಜಿನ ವಾಟ್ಸ್‌ಆ್ಯಪ್ ಗುಂಪಿನಲ್ಲೋ ಅವನ ಫೋಟೋ ಹಾಕಿ ‘ಹ್ಯಾಕರ್’ ಎಂದು ಬರೆದರೆ ಮಾನನಷ್ಟದ ಮೊಕದ್ದಮೆ ನಿಮ್ಮ ಮೇಲೇ ತಿರುಗುತ್ತದೆ. ಅದಕ್ಕಿಂತ ಕೆಟ್ಟದ್ದು, ಸಾಕ್ಷಿ ಹುಡುಕುವ ನೆಪದಲ್ಲಿ ಅವನ ಖಾತೆಗೆ ನೀವು ನುಗ್ಗುವುದು. ಕಲಂ 43 ಯಾರು ಮೊದಲು ಶುರು ಮಾಡಿದರು ಎಂದು ಕೇಳುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ, ನ್ಯಾಯ ನಿಮ್ಮ ಕಡೆ ಇರುವಾಗ ಅದನ್ನು ಕೈಯಾರೆ ಕಳೆದುಕೊಂಡಂತಾಗುತ್ತದೆ.

ಸ್ಕ್ರೀನ್‌ಶಾಟ್ ಇದ್ದ ಮಾತ್ರಕ್ಕೆ ನ್ಯಾಯಾಲಯ ಒಪ್ಪುವುದಿಲ್ಲ ಎಂಬುದೂ ನೆನಪಿರಲಿ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯ ಜೊತೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗವನ್ನು ಸಾಧನ ಯಾರ ವಶದಲ್ಲಿದೆಯೋ ಅವರು, ಇನ್ನೊಂದನ್ನು ತಜ್ಞರು ತುಂಬುತ್ತಾರೆ. ಹೀಗಾಗಿ ಸಂದೇಶಗಳಿರುವ ಮೂಲ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ.

ಜೈಲಿಗೆ ಕಳಿಸುವುದು ಬೇಡ, ಆದ ನಷ್ಟ ತುಂಬಿಕೊಟ್ಟರೆ ಸಾಕು ಎನ್ನುವವರಿಗೆ ಬೇರೆ ಬಾಗಿಲಿದೆ. ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯವರೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 46ರಡಿ ನ್ಯಾಯನಿರ್ಣಯ ಅಧಿಕಾರಿ. 5 ಕೋಟಿ ರೂಪಾಯಿವರೆಗಿನ ಪರಿಹಾರದ ಕೋರಿಕೆಯನ್ನು ಅವರು ಕೇಳುತ್ತಾರೆ. ಇಲ್ಲಿ ಮೋಸದ ಉದ್ದೇಶವನ್ನು ಸಾಬೀತುಪಡಿಸುವ ಭಾರ ಇಲ್ಲ, ಅನುಮತಿ ಇರಲಿಲ್ಲ ಮತ್ತು ನಷ್ಟ ಆಯಿತು ಎಂಬುದನ್ನು ತೋರಿಸಬೇಕು. ಜನ ಈ ದಾರಿ ಹಿಡಿಯುವುದು ಕಡಿಮೆ, ಗೊತ್ತಿಲ್ಲದಿರುವುದೇ ಅದಕ್ಕೆ ಕಾರಣವಿರಬೇಕು. ವಕೀಲರ ಖರ್ಚಿನ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಅವರ ಕಚೇರಿ ಇರುತ್ತದೆ, 15100ಕ್ಕೂ ಕರೆ ಮಾಡಬಹುದು. ಹೋಗುವಾಗ ನಿಮ್ಮ ನೋಟ್‌ಬುಕ್, ಸ್ಕ್ರೀನ್‌ಶಾಟ್‌ಗಳ ಮುದ್ರಿತ ಪ್ರತಿ ಮತ್ತು ಠಾಣೆ ಕೊಟ್ಟ ಸ್ವೀಕೃತಿ ಜೊತೆಗಿರಲಿ.