ಯೆಜ್ಡಿಗೆ ಹೊಸ ಕ್ರ್ಯಾಂಕ್‌ಕೇಸ್ ಬರುತ್ತಲೇ ಇಲ್ಲ

ಜಹೀರಾಬಾದಿನ ಓದುಗರೊಬ್ಬರು ಅಪ್ಪನ ಯೆಜ್ಡಿ ರೋಡ್‌ಕಿಂಗ್‌ಗೆ ಕ್ರ್ಯಾಂಕ್‌ಕೇಸ್ ಎರಕ ಹೊಯ್ಯಿಸಲು ಮುಂಗಡ ಕೊಟ್ಟಿದ್ದಾರೆ. ಎಂಟು ತಿಂಗಳಾದರೂ ‘ಮುಂದಿನ ವಾರ’ ಎಂಬ ಉತ್ತರವೇ. ಹಣ ವಾಪಸ್ ಕೇಳಲೇ ಎನ್ನುತ್ತಾರೆ.

ಉತ್ತರ: ಇಂದೇ ಕೇಳಬೇಡಿ, ಮೊದಲು ಅಚ್ಚಿನ, ಎರಕದ ಫೋಟೊ ತರಿಸಿ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ 1996ರಲ್ಲೇ ಮುಚ್ಚಿತು. ಈಗ ಹಳೇ ಕೇಸನ್ನೇ ಅಳೆದು ಅಚ್ಚು ಮಾಡಬೇಕು. ಅಲ್ಯೂಮಿನಿಯಂ ಆರುವಾಗ ಕುಗ್ಗುವ ಲೆಕ್ಕ ತಪ್ಪಿದರೆ ಕೆಲಸ ಮತ್ತೆ ಮೊದಲಿಂದ. ಕೇಸಿನ ಎರಡು ಹೋಳುಗಳನ್ನು ಜೋಡಿಸಿಟ್ಟೇ ಬೇರಿಂಗ್ ರಂಧ್ರ ಕೊರೆಯಬೇಕು. ತಡಕ್ಕೆ ನಿಜವಾದ ಕಾರಣವಿರಬಹುದು, ಆದರೆ ಫೋಟೊ ಕೂಡ ಇಲ್ಲವೆಂದರೆ ಕೆಲಸ ಶುರುವಾಗಿಲ್ಲ ಎಂದೇ ನನ್ನ ಅನುಮಾನ.

ಟೂ-ಸ್ಟ್ರೋಕ್ ಎಂಜಿನ್ನಿನ ಕೇಸ್ ಗಾಳಿ ಎಳೆದರೆ ಪಿಸ್ಟನ್ ಜಾಮ್ ಆಗುತ್ತದೆ. ಸೋರಿಕೆ ಪರೀಕ್ಷೆ ಮುಗಿಯದೆ ಕೊನೆಯ ಕಂತು ಕೊಡಬೇಡಿ.

ಮಾದರಿಗೆ ಕೊಟ್ಟ ಹಳೇ ಕೇಸ್ ವಾಪಸ್ ತರಿಸಿ. ಎಂಜಿನ್ ನಂಬರ್ ಇರುವುದು ಅದರ ಮೇಲೆ. ಬಿರುಕು ಚಿಕ್ಕದಿದ್ದರೆ ಟಿಗ್ ವೆಲ್ಡಿಂಗ್ ಮಾಡಿಸಿ, ಸವೆದ ರಂಧ್ರಕ್ಕೆ ಸ್ಲೀವ್ ಹಾಕಿಸಬಹುದು. ನಾನಾದರೆ ಅದನ್ನೇ ಮಾಡಿಸುತ್ತೇನೆ. ಹೊಸ ಕೇಸಿಗೆ ಹಳೇ ನಂಬರನ್ನು ನೀವೇ ಕೆತ್ತಿಸಬೇಡಿ, ಆರ್‌ಟಿಒ ಅನುಮತಿ ಪಡೆಯಿರಿ.

ಲಿಖಿತ ಗಡುವು ಕೇಳಿ. ಅದೂ ಮೀರಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆಮೇಲೆ ವಕೀಲರನ್ನು ಕಂಡು, ರಸೀದಿಯೊಂದಿಗೆ ಸಂಗಾರೆಡ್ಡಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಿ.