ಪಕ್ಕದ ವಿಭಾಗಕ್ಕೂ ಕಾಲಿಡು

ಮಗಳೇ, ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿಗೆ ಸೀಟು ಸಿಕ್ಕಿತೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಸಂತೋಷ. ಪಾಠ, ಲ್ಯಾಬು, ಇಂಟರ್ನಲ್ಸ್ ಬಗ್ಗೆ ನಾನೇನು ಹೇಳಲಿ, ಅದಕ್ಕೆ ನಿನ್ನ ಮೇಷ್ಟ್ರುಗಳಿದ್ದಾರೆ. ನನ್ನದು ಒಂದೇ ಮಾತು: ನಿನ್ನದಲ್ಲದ ವಿಭಾಗಗಳಿಗೂ ಆಗಾಗ ಕಾಲಿಡು. ಹಾಸ್ಟೆಲು, ಕ್ಲಾಸು, ಕ್ಯಾಂಟೀನು ಅಂತ ಎರಡು ವರ್ಷ ಸವೆಸಿ ಹೊರಬಿದ್ದವರನ್ನು ಬೇಕಾದಷ್ಟು ನೋಡಿದ್ದೇನೆ. ಅಂಕಪಟ್ಟಿ ಚೆನ್ನಾಗಿಯೇ ಇರುತ್ತದೆ, ಅಷ್ಟೇ.

ಮೊದಲು ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಹೋಗು. ಹಳಬರ ಬಾಯಲ್ಲಿ ಅದಿನ್ನೂ ಓರಿಯೆಂಟಲ್ ಲೈಬ್ರರಿ. ಶುರುವಾದದ್ದು 1891ರಲ್ಲಿ, ವಿಶ್ವವಿದ್ಯಾನಿಲಯ ಹುಟ್ಟಿದ್ದೇ 1916ರಲ್ಲಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಕೊಟ್ಟ ಗ್ರಂಥಲಿಪಿಯ ಓಲೆಕಟ್ಟನ್ನು 1905ರಲ್ಲಿ ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ! ಕಳೆದೇ ಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ ಕೃತಿ. 1909ರಲ್ಲಿ ಅಚ್ಚಾಯಿತು. ನಿನಗೆ ಸಂಸ್ಕೃತ ಬಾರದಿದ್ದರೆ ಬೇಡ, ತಾಳೆಗರಿಯನ್ನೇ ಹತ್ತಿರದಿಂದ ನೋಡು. ಕಬ್ಬಿಣದ ಮೊನೆಯಿಂದ ಕೊರೆದ ಗೆರೆಯೊಳಗೆ ಮಸಿ ಕೂತಿರುತ್ತದೆ. ಅಂಚಿನಲ್ಲಿ ಹುಳು ತಿಂದ ಸಣ್ಣ ತೂತುಗಳು. ಗರಿ ಕೆಡದಿರಲೆಂದು ಮಜ್ಜಿಗೆಹುಲ್ಲಿನ ಎಣ್ಣೆ ಸವರುವ ರೂಢಿಯುಂಟು. ಆ ಎಣ್ಣೆಯಲ್ಲಿ ಹುಳಕ್ಕೆ ಆಗದಿರುವುದು ಯಾವುದು, ಒಣಗಿದ ಗರಿ ಅದರಿಂದ ಹೇಗೆ ಮೆತ್ತಗಾಗುತ್ತದೆ? ಇದು ನಿನ್ನ ಕೆಮಿಸ್ಟ್ರಿಯಲ್ಲದೆ ಇನ್ನೇನು!

ಇನ್ನೊಂದು, ಪಿಎಚ್‌.ಡಿ. ವೈವಾಗಳು. ಅವು ಮುಕ್ತವಾಗಿ ನಡೆಯುತ್ತವೆ, ವಿದ್ಯಾರ್ಥಿಗಳೂ ಹೋಗಿ ಕೂರಬಹುದು. ನೋಟೀಸು ಬೋರ್ಡಿನ ಮೂಲೆಯಲ್ಲಿ ಒಂದು ಹಾಳೆ ಅಂಟಿಸಿರುತ್ತಾರೆ, ಯಾರೂ ಓದುವುದಿಲ್ಲ. ಮಾನವಶಾಸ್ತ್ರವೋ ಭೂವಿಜ್ಞಾನವೋ, ಹಿಂದಿನ ಸಾಲಿನಲ್ಲಿ ಕೂತು ಕೇಳು. ನಾಲ್ಕೈದು ವರ್ಷ ಒಂದೇ ವಿಷಯ ಕೆದಕಿದವನಿಗೆ ಹೊರಗಿನಿಂದ ಬಂದ ಪರೀಕ್ಷಕರು "ಇಷ್ಟೇ ಹಳ್ಳಿಗಳನ್ನು ಯಾಕೆ ಆರಿಸಿಕೊಂಡಿರಿ?" ಎಂದು ಸುಮ್ಮನೆ ಕೇಳುತ್ತಾರೆ. ಆಗ ಅವನು ತಡವರಿಸುವುದನ್ನೂ ಸಾವರಿಸಿಕೊಳ್ಳುವುದನ್ನೂ ನೋಡಬೇಕು. ಸಂಶೋಧನೆಯೆಂದರೇನೆಂದು ಯಾವ ಮೆಥಡಾಲಜಿ ಪುಸ್ತಕವೂ ಅಷ್ಟು ಚೆನ್ನಾಗಿ ಹೇಳದು.

 

ಹಾಗೇ ವಿಶ್ವವಿದ್ಯಾನಿಲಯದ ಪುಸ್ತಕಗಳನ್ನು ಪ್ರಕಟಿಸುವ ಪ್ರಸಾರಾಂಗಕ್ಕೂ ಒಮ್ಮೆ ಹೋಗಿ ಬಾ. ಹಿಂದೆ ಅಧ್ಯಾಪಕರು ಹಳ್ಳಿಹಳ್ಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಮಾಡುತ್ತಿದ್ದರು; ಅವೇ ಪ್ರಚಾರ ಪುಸ್ತಕಮಾಲೆಯ ಸಣ್ಣ ಹೊತ್ತಿಗೆಗಳಾದವು. ವಿಜ್ಞಾನದ್ದು ಒಂದೆರಡು ತೆಗೆದು ಓದು. ಆಮೇಲೆ ನಿನ್ನ ಪ್ರಾಜೆಕ್ಟಿನ ವಿಷಯವನ್ನು ಹಾಸ್ಟೆಲಿನ ಇತಿಹಾಸದ ಹುಡುಗಿಗೆ ಕನ್ನಡದಲ್ಲಿ ತಿಳಿಸಿ ಹೇಳಲಾಗುತ್ತದೆಯೇ ನೋಡು. ಅವಳು ಆಕಳಿಸಿದರೆ ಬೇಜಾರು ಮಾಡಿಕೊಳ್ಳಬೇಡ, ಇನ್ನೊಮ್ಮೆ ಹೇಳು.

ಓಲೆಕಟ್ಟು ನೋಡಲು ಹೋಗುವ ಮುನ್ನ ನಿಮ್ಮ ವಿಭಾಗದ ಮುಖ್ಯಸ್ಥರಿಂದ ಒಂದು ಪತ್ರ ಬರೆಸಿಕೋ. ಗುರುತಿನ ಚೀಟಿಯೂ ಜೊತೆಗಿರಲಿ. ಗರಿಯನ್ನು ಅಲ್ಲಿಯವರೇ ಬಿಚ್ಚಿ ತೋರಿಸಲಿ, ನೀನು ಕೈ ಹಾಕಬೇಡ.